ನಮ್ಮೂರಿನ ಹಾಫ್‌ಸೈಡ್

ನಮ್ಮ ತಂಡ ಸೋತ ಭಾನುವಾರ ನನಗೆ ದೇಶದ ಚಿಂತೆ ಹತ್ತಿಕೊಳ್ಳುತ್ತದೆ. ಗೆದ್ದ ದಿನ ಅಂಥದ್ದೇನೂ ಇಲ್ಲ. ಸಂಜೆಯ ವಾರ್ತೆಯಲ್ಲಿ ಮಂತ್ರಿಗಳ ಮುಖವೂ ಲಕ್ಷಣವಾಗಿ ಕಾಣುತ್ತದೆ, ಪ್ರಜಾಪ್ರಭುತ್ವ ಹೇಗೋ ನಡೆದುಕೊಂಡು ಹೋಗುತ್ತದೆ ಅನ್ನಿಸುತ್ತದೆ. ಸೋತ ದಿನ ಮಾತ್ರ ಸಂಸತ್ತು, ವಿದೇಶಾಂಗ ನೀತಿ, ಪಠ್ಯಪುಸ್ತಕ, ರೈಲ್ವೆ ಎಲ್ಲವೂ ಹದಗೆಟ್ಟಿರುವುದು ಒಟ್ಟಿಗೇ ಕಣ್ಣಿಗೆ ಬೀಳುತ್ತದೆ. ಕೊಡಗಿಗೆ ರೈಲೇ ಇಲ್ಲ ಎಂಬುದು ಬೇರೆ ಮಾತು. ಈ ಲೆಕ್ಕದಲ್ಲಿ ನೋಡಿದರೆ ದೇಶದ ಸ್ಥಿತಿ ಬಹಳ ವರ್ಷಗಳಿಂದ ಚೆನ್ನಾಗಿಲ್ಲ, ಏಕೆಂದರೆ ನಾನು ಮೈಲಿಕಲ್ಲು ಇಲೆವೆನ್ ತಂಡದ ಅಭಿಮಾನಿ.

ಈ ಹೆಸರನ್ನು ನೀವು ಕೇಳಿರಲಾರಿರಿ. ಕೊಡಗೆಂದರೆ ಹಾಕಿ ಎಂದು ಎಲ್ಲರೂ ನಂಬಿದ್ದಾರೆ, ಅದು ನಿಜವೂ ಹೌದು. ಇಲ್ಲಿ ಹಾಕಿಯೇ ಆಡಳಿತ ಪಕ್ಷ, ಫುಟ್‌ಬಾಲ್ ವಿರೋಧ ಪಕ್ಷ. ಅದರಲ್ಲೂ ಜಿಲ್ಲಾ ಲೀಗಿನ ಬಿ ಡಿವಿಜನ್ನಿನಲ್ಲಿ ಆಡುವ ಕೊಡ್ಲಿಪೇಟೆ ಕಡೆಯ ನಾವು ಠೇವಣಿ ಕಳೆದುಕೊಂಡ ಪಕ್ಷೇತರರು. ಪತ್ರಿಕೆಯ ಸ್ಥಳೀಯ ಪುಟದಲ್ಲಿ ನಮ್ಮ ಹೆಸರಿನ ಬೆನ್ನಿಗೆ ಸದಾ ‘ವಿರುದ್ಧ’ ಎಂಬ ಪದ ಅಂಟಿಕೊಂಡಿರುತ್ತದೆ: ಮೈಲಿಕಲ್ಲು ಇಲೆವೆನ್ ವಿರುದ್ಧ ಇಂಥವರಿಗೆ ಜಯ. ಹುಡುಗರು ತಂಡದ ಹೆಸರಿಗೆ ನಿಷ್ಠರಾಗಿ ನಿಂತಲ್ಲೇ ನಿಲ್ಲುತ್ತಾರೆ, ಎದುರಾಳಿಗಳು ಎಣಿಸುತ್ತಾ ದಾಟಿ ಹೋಗುತ್ತಾರೆ. ಒಂದು ವರ್ಷ ನಾವು ಗಳಿಸಿದ ಒಂದೇ ಪಾಯಿಂಟ್ ಆನೆ ದಯಪಾಲಿಸಿದ್ದು. ತಿತಿಮತಿಯಲ್ಲಿ ಆಟ ನಡೆಯುತ್ತಿರುವಾಗಲೇ ಅದು ಮೈದಾನದ ಅಂಚಿಗೆ ಬಂದು ನಿಂತಿತು, ಎಲ್ಲರೂ ಓಡಿದರು, ನಮ್ಮ ಡಿಫೆನ್ಸ್ ಮೊದಲ ಬಾರಿಗೆ ಚುರುಕಾಗಿ ಓಡಿತು, ಪಂದ್ಯ ಡ್ರಾ ಎಂದು ಬರೆದುಕೊಂಡರು.

ನಾನೇನೂ ಆಟಗಾರನಲ್ಲ. ಮಡಿಕೇರಿಯ ನಮ್ಮ ಮನೆತನದಲ್ಲಿ ಪೂಜೆ ಮಾಡಿದವರಿದ್ದಾರೆ, ಪಾಠ ಹೇಳಿದವರಿದ್ದಾರೆ, ಚೆಂಡು ಒದ್ದವರು ಯಾರೂ ಇಲ್ಲ. ಕೊಡ್ಲಿಪೇಟೆಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾದೆ. ಆಡಲು ಬಾರದವನಿಗೆ ಆಟದ ಬಗ್ಗೆಯೂ ಆಳಲು ಬಾರದವನಿಗೆ ದೇಶದ ಬಗ್ಗೆಯೂ ಬಹಳ ವಿಚಾರಗಳಿರುತ್ತವೆ. ಅವನ್ನೆಲ್ಲ ಕೇಳಿಸಿಕೊಳ್ಳಲು ನನಗೆ ಒಬ್ಬರು ಬೇಕಿತ್ತು. ಸಿಕ್ಕಿದವರು ರೈಟರ್ ತಮ್ಮಯ್ಯ.

ರೈಟರ್ ಎಂದರೆ ಸಾಹಿತಿ ಎಂದುಕೊಳ್ಳಬೇಡಿ. ನಮ್ಮಲ್ಲಿ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಹಾಕಿ ಕೆಲಸ ನೋಡಿಕೊಳ್ಳುವವರೇ ರೈಟರು. ನಾನು ಎರಡು ಕವನ ಸಂಕಲನ ಪ್ರಕಟಿಸಿದ್ದೇನೆ, ಊರು ನನ್ನನ್ನು ಇವತ್ತಿಗೂ ಮೇಷ್ಟ್ರು ಎಂದೇ ಕರೆಯುತ್ತದೆ. ತಮ್ಮಯ್ಯ ಹಾಜರಿ ಪುಸ್ತಕ ಬಿಟ್ಟು ಬೇರೇನೂ ಬರೆದವರಲ್ಲ, ಆದರೂ ಅವರು ರೈಟರು. ಈ ಅನ್ಯಾಯವನ್ನು ನುಂಗಿಕೊಂಡು ಇಪ್ಪತ್ತು ವರ್ಷ ಅವರ ಪಕ್ಕದಲ್ಲಿ, ಮೈದಾನದ ಕಲ್ಲುಮೆಟ್ಟಿಲ ಮೇಲೆ ಕೂತು ಆಟ ನೋಡಿದೆ.

ನಮ್ಮಿಬ್ಬರ ನಡುವೆ ಮೊದಲಿನಿಂದ ಇದ್ದ ತಕರಾರು ಒಂದೇ ಪದದ ಮೇಲೆ. ಎದುರಾಳಿಯ ಕಾವಲಿನವರನ್ನು ದಾಟಿ ಮೊದಲೇ ಮುಂದೆ ಹೋಗಿ ನಿಂತು ಚೆಂಡಿಗೆ ಕಾಯಬಾರದು ಎಂದು ಫುಟ್‌ಬಾಲಿನಲ್ಲಿ ಒಂದು ಕಾಯಿದೆ ಇದೆಯಲ್ಲ, ಅದಕ್ಕೆ ಆಫ್‌ಸೈಡ್ ಎನ್ನುತ್ತಾರೆ. ನಮ್ಮ ಮೈದಾನದಲ್ಲಿ ಮಾತ್ರ ಅದು ಹಾಫ್‌ಸೈಡ್. ಕ್ಯಾಪ್ಟನ್ನಿನಿಂದ ಹಿಡಿದು ಕಡಲೆಕಾಯಿ ಮಾರುವ ಬೀಪಾತುಮ್ಮನವರೆಗೆ ಎಲ್ಲರೂ ಹಾಗೇ ಕೂಗುತ್ತಾರೆ. ಇಂಗ್ಲಿಷ್ ಮೇಷ್ಟರ ಕಿವಿ ಸುಮ್ಮನಿರುತ್ತದೆಯೇ? ಪ್ರತಿ ಭಾನುವಾರ ತಿದ್ದಿದೆ. ಆ ಪದದಲ್ಲಿ ‘ಹಾಫ್’ ಬರುವುದಿಲ್ಲ, ಅರ್ಧಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ವಿವರಿಸಿದೆ. ತಮ್ಮಯ್ಯ ಪೂರ್ತಿ ಕೇಳಿಸಿಕೊಂಡು, ತಲೆಯಾಡಿಸಿ, ಮುಂದಿನ ನಿಮಿಷದಲ್ಲೇ ಎದ್ದು ನಿಂತು ಹಾಫ್‌ಸೈಡ್ ಎಂದು ಕೂಗುತ್ತಿದ್ದರು.

ಇದು ಮನಸ್ತಾಪವಾಗಿರಲಿಲ್ಲ. ಮನಸ್ತಾಪ ತಂದದ್ದು ಲೋಕಸಭೆ ಚುನಾವಣೆ. ನಾನು ಒಂದು ಪಕ್ಷದವನು ಎಂದು ತಮ್ಮಯ್ಯ, ಅವರು ಇನ್ನೊಂದು ಪಕ್ಷದವರು ಎಂದು ನಾನು. ಅವರು ತಮ್ಮ ಪಕ್ಷವನ್ನು ಒಪ್ಪಿಕೊಳ್ಳುತ್ತಿದ್ದರು, ನಾನು ಮಾತ್ರ ಯಾವ ಪಕ್ಷಕ್ಕೂ ಸೇರಿದವನಲ್ಲ, ವಿಷಯವಾರು ಯೋಚಿಸುವವನು ಎನ್ನುತ್ತಿದ್ದೆ. ವಿಷಯವಾರು ಯೋಚಿಸಿ ಪ್ರತಿಸಲವೂ ಒಂದೇ ಗುರುತಿಗೆ ಒತ್ತುತ್ತಿದ್ದೆ ಎಂಬುದನ್ನು ಹೇಳಿಕೊಳ್ಳುತ್ತಿರಲಿಲ್ಲ. ಒಂದು ಭಾನುವಾರ ನಾವು ನಾಲ್ಕು ಗೋಲು ತಿಂದ ಮೇಲೆ ಮಾತಿಗೆ ಮಾತು ಬೆಳೆದು, ನಿಮ್ಮಂಥವರಿಂದಲೇ ದೇಶ ಹೀಗಾದದ್ದು ಎಂದುಬಿಟ್ಟೆ. ತಮ್ಮಯ್ಯ ಟವೆಲು ಕೊಡವಿಕೊಂಡು ಎದ್ದರು. ಮುಂದಿನ ವಾರದಿಂದ ಎದುರು ಬದಿಯ ರಸ್ತೆ ದಿಣ್ಣೆಯ ಮೇಲೆ ಕೂತರು. ಹೀಗೆ ಒಂದೇ ತಂಡದ ಇಬ್ಬರು ಅಭಿಮಾನಿಗಳು ಮೈದಾನದ ಎರಡು ಬದಿಯಲ್ಲಿ ಕೂತು, ಒಂದೇ ರೆಫ್ರಿಯನ್ನು ಒಂದೇ ಕ್ಷಣದಲ್ಲಿ ಬೈಯುತ್ತಾ, ತಿಂಗಳುಗಟ್ಟಲೆ ಒಬ್ಬರನ್ನೊಬ್ಬರು ಮಾತಾಡಿಸದೆ ಕಳೆದೆವು. ನನಗೆ ಅವರ ನೆನಪು ಬಹಳವಾಗುತ್ತಿತ್ತು. ಆದರೆ ತತ್ತ್ವದ ಪ್ರಶ್ನೆ ನೋಡಿ.

ಆ ಸೀಸನ್ನಿನ ಕೊನೆಯ ಪಂದ್ಯ. ಗೆದ್ದರೆ ಬಿ ಡಿವಿಜನ್ನಿನಲ್ಲಿ ಉಳಿಯುತ್ತೇವೆ, ಡ್ರಾ ಆದರೂ ಸಿ ಡಿವಿಜನ್ನಿಗೆ ಇಳಿಯುತ್ತೇವೆ. ಸಿಯ ಕೆಳಗೆ ಇನ್ನೇನೂ ಇಲ್ಲ. ಅಂಥ ದಿನವೇ ಲೈನ್ಸ್‌ಮನ್ ಒಬ್ಬರು ಬರಲಿಲ್ಲ. ಮೊಮ್ಮಗುವಿನ ನಾಮಕರಣವಂತೆ. ಎರಡೂ ಕಡೆಯ ಕ್ಯಾಪ್ಟನ್‌ಗಳು ಸುತ್ತ ನೋಡಿದರು. ಎದುರಾಳಿ ತಂಡದಲ್ಲಿ ಅರ್ಧ ಜನ ನನ್ನ ಹಳೆಯ ವಿದ್ಯಾರ್ಥಿಗಳು. ಮೇಷ್ಟ್ರು ನಿಲ್ಲಲಿ, ಅವರು ಯಾರ ಪಾರ್ಟಿಯನ್ನೂ ವಹಿಸುವವರಲ್ಲ ಎಂದರು. ನನ್ನ ಎದೆ ಉಬ್ಬಿತು. ಕಾಫಿ ಗಿಡದ ಕೋಲಿಗೆ ಕೆಂಪು ಬಟ್ಟೆ ಸಿಕ್ಕಿಸಿ ಕೈಗೆ ಕೊಟ್ಟು, ರಸ್ತೆ ದಿಣ್ಣೆಯ ಕಡೆಯ ಗೆರೆಗೆ ಕಳಿಸಿದರು. ಬೆನ್ನ ಹಿಂದೆ ತಮ್ಮಯ್ಯ.

ನಿಷ್ಪಕ್ಷಪಾತ ಎಂದರೇನೆಂದು ದೇಶಕ್ಕೇ ತೋರಿಸಿಬಿಡಬೇಕೆಂದು ನಿರ್ಧರಿಸಿದೆ. ದೊಡ್ಡ ದೊಡ್ಡ ಕುರ್ಚಿಯಲ್ಲಿ ಕೂತವರ ಬಗ್ಗೆ ಇಷ್ಟು ವರ್ಷ ಏನೇನು ಅಂದಿದ್ದೆನೋ ಅದೆಲ್ಲ ನೆನಪಾಯಿತು. ಮೊದಲ ಥ್ರೋ ಅನುಮಾನದ್ದು, ಎದುರಾಳಿಗೆ ಕೊಟ್ಟೆ. ಎರಡನೆಯದು ಅಷ್ಟೇನೂ ಅನುಮಾನದ್ದಲ್ಲ, ಅದನ್ನೂ ಕೊಟ್ಟೆ. ಅವರ ಕಡೆಯ ಜನ ಚಪ್ಪಾಳೆ ತಟ್ಟಿದರು. ಎದುರಾಳಿಗಳ ಚಪ್ಪಾಳೆಗೆ ಇಷ್ಟು ರುಚಿ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ನಮ್ಮವರು ಬೈದಷ್ಟೂ ನಾನು ನೆಟ್ಟಗಾದೆ. ನಡುವೆ ನಮ್ಮ ಹುಡುಗನೊಬ್ಬನ ಕೈಗೆ ಚೆಂಡು ತಗಲಿದ್ದನ್ನು ರೆಫ್ರಿ ನೋಡಲಿಲ್ಲ. ಹಿಂದಿನಿಂದ ತಮ್ಮಯ್ಯನ ದನಿ ಕೇಳಿಸಿತು, ಅದು ನಮ್ದೇ ತಪ್ಪು ಎಂದು. ಪಕ್ಷದ ಮನುಷ್ಯ ಹೀಗೆ ಕೂಗಿದ್ದನ್ನು ನಾನು ಅಷ್ಟಾಗಿ ಗಮನಿಸಲಿಲ್ಲ, ನನ್ನ ಗಮನ ನನ್ನ ಮೇಲಿತ್ತು.

ಆಟ ಮುಗಿಯುವ ಹೊತ್ತು, ಎರಡೂ ಕಡೆ ಸೊನ್ನೆ. ಎದುರಾಳಿಗಳಿಗೆ ಕಾರ್ನರ್ ಸಿಕ್ಕಿತು. ಗೋಲ್‌ಕೀಪರ್ ಒಬ್ಬನನ್ನು ಬಿಟ್ಟು ಅವರ ಅಷ್ಟೂ ಜನ ನಮ್ಮ ಗೋಲಿನ ಮುಂದೆ ಸೇರಿದರು. ನಮ್ಮವರು ಚೆಂಡನ್ನು ಎತ್ತಿ ಒದ್ದರು. ಸೆಂಟರ್ ಗೆರೆಯ ಬಳಿ ಒಬ್ಬನೇ ನಿಂತಿದ್ದ ನಮ್ಮ ಪ್ರವೀಣ, ಟೈಲ್ಸ್ ಕೆಲಸದ ಪ್ರವೀಣ, ಅದನ್ನು ಹಿಡಿದು ಓಡಿದ. ಮುಂದೆ ಗೋಲ್‌ಕೀಪರ್ ಬಿಟ್ಟರೆ ಯಾರೂ ಇಲ್ಲ. ಮೈದಾನವೆಲ್ಲ ಎದ್ದು ನಿಂತಿತು. ಚೆಂಡು ಗೋಲಿನೊಳಗೆ ಹೋಯಿತು. ಆ ಹೊತ್ತಿಗೆ ನನ್ನ ಬಾವುಟ ಮೇಲಿತ್ತು. ರೆಫ್ರಿ ನೋಡಿದರು, ಸೀಟಿ ಊದಿದರು, ಗೋಲು ರದ್ದಾಯಿತು. ಸ್ವಲ್ಪ ಹೊತ್ತಿಗೆ ಪಂದ್ಯವೂ ಮುಗಿಯಿತು. ನಾವು ಸಿ ಡಿವಿಜನ್ನಿಗೆ ಇಳಿದೆವು.

ಎದುರಾಳಿ ಕ್ಯಾಪ್ಟನ್ ಬಂದು ಕಾಲು ಮುಟ್ಟಿ ನಮಸ್ಕರಿಸಿದ. ನಮ್ಮ ಹುಡುಗರು ಬೈಯಲೂ ಇಲ್ಲ, ಬೂಟು ಬಿಚ್ಚುತ್ತಾ ಕೂತಿದ್ದರು. ಬೈದಿದ್ದರೆ ಚೆನ್ನಾಗಿತ್ತು. ತಮ್ಮಯ್ಯ ದಿಣ್ಣೆ ಇಳಿದು ನೇರ ನನ್ನ ಹತ್ತಿರ ಬಂದರು. ಅಷ್ಟು ತಿಂಗಳ ಮೇಲೆ ಮೊದಲ ಮಾತು.

“ಮೇಷ್ಟ್ರೇ, ಬಾಲ್ ಒದಿಯೋ ಹೊತ್ಗೆ ಪ್ರವೀಣ ನಮ್ ಹಾಫಲ್ಲೇ ಇದ್ದ.”

“ಅವನ ಮುಂದೆ ಅವರ ಡಿಫೆಂಡರ್ ಒಬ್ಬನೂ ಇರಲಿಲ್ಲ” ಎಂದೆ.

“ಇಲ್ದಿದ್ರೆ ಇಲ್ಲ. ನಮ್ ಹಾಫಲ್ಲಿ ನಿಂತೋನಿಗೆ ಹಾಫ್‌ಸೈಡ್ ಎಲ್ಲಿಂದ ಬತ್ತದೆ? ಆಚೆ ಹಾಫಿಗೆ ಹೋದೋನಿಗಲ್ವಾ ಅದು? ಅದುಕ್ಕೇ ಅಲ್ವಾ ಹಂಗನ್ನೋದು?”

ಕಾಯಿದೆ ಇರುವುದೇ ಹಾಗೆ. ತನ್ನದೇ ಅರ್ಧದಲ್ಲಿ ನಿಂತವನಿಗೆ ಅದು ತಗಲುವುದಿಲ್ಲ. ಅರ್ಧಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಇಪ್ಪತ್ತು ವರ್ಷ ಪಾಠ ಹೇಳಿದ್ದವನು ನಾನು. ಪದವನ್ನು ತಪ್ಪಾಗಿ ಹೇಳುತ್ತಿದ್ದ ಇಡೀ ಮೈದಾನಕ್ಕೆ ಕಾಯಿದೆ ಗೊತ್ತಿತ್ತು. ನನಗೆ ಗೊತ್ತಿದ್ದದ್ದು ಪದ.

ತಮ್ಮಯ್ಯ ದನಿ ತಗ್ಗಿಸಿದರು. “ನೀವು ಸೆಂಟರ್ ಗೆರೆ ಮೇಲೇ ನಿಂತಿದ್ರಿ. ಗೆರೆ ನೋಡ್ಲಿಲ್ಲ. ಜನ ನಿಮ್ಮುನ್ನ ಏನಂತಾರೆ ಅಂತ ನೋಡ್ತಿದ್ರಿ.”

ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು. ನನ್ನ ತಂಡಕ್ಕೆ ಮೋಸ ಮಾಡಲು ಯಾರೂ ನನ್ನನ್ನು ಕೊಂಡುಕೊಂಡಿರಲಿಲ್ಲ. ಒಳ್ಳೆಯವನೆಂಬ ಹೆಸರಿಗಾಗಿ ನಾನೇ ತಂಡವನ್ನು ಬಿಟ್ಟುಕೊಟ್ಟಿದ್ದೆ.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಬಹುಮಾನ ವಿತರಣೆಯ ದಿನ ನನಗೆ ಶಾಲು, ಪೇಟ, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನ. ಸ್ವಂತ ತಂಡದ ಗೋಲನ್ನೇ ತಡೆದ ನಿಷ್ಪಕ್ಷಪಾತಿ ಎಂದು ಹೊಗಳಿದರು. ನಾನು ಮೈಕು ಹಿಡಿದು, ಅದು ಗೋಲು, ಬಾವುಟ ಎತ್ತಿದ್ದು ನನ್ನ ತಪ್ಪು, ಪ್ರವೀಣನ ಕ್ಷಮೆ ಕೇಳುತ್ತೇನೆ ಎಂದೆ. ತಕ್ಷಣ ಸಭೆಯ ಅಧ್ಯಕ್ಷರು ಎದ್ದು, ನೋಡಿ, ಎಂಥ ವಿನಯ, ತಮ್ಮ ತೀರ್ಪನ್ನು ತಾವೇ ವಿಮರ್ಶಿಸಿಕೊಳ್ಳುತ್ತಾರೆ, ಇಂಥವರು ದೆಹಲಿಯಲ್ಲಿರಬೇಕಿತ್ತು ಎಂದರು. ಚಪ್ಪಾಳೆ ಇನ್ನೂ ಜೋರಾಯಿತು. ನಿಷ್ಪಕ್ಷಪಾತಿ ಎಂಬ ಹೆಸರು ಬರಲು ಒಂದು ಮಧ್ಯಾಹ್ನ ಸಾಕಾಗಿತ್ತು, ಕಳೆದುಕೊಳ್ಳಲು ಮಾತ್ರ ನಿಜ ಹೇಳಿದರೂ ಆಗಲಿಲ್ಲ.

ಈಗ ಸಿ ಡಿವಿಜನ್ನಿನ ಪಂದ್ಯಗಳಿಗೆ ನಾನು ರಸ್ತೆ ದಿಣ್ಣೆಯ ಮೇಲೆ ತಮ್ಮಯ್ಯನ ಪಕ್ಕ ಕೂರುತ್ತೇನೆ. ದೆಹಲಿಯ ವಿಷಯದಲ್ಲಿ ಅವರದು ಈಗಲೂ ಶುದ್ಧ ತಪ್ಪು ಎಂದೇ ನನ್ನ ಅಭಿಪ್ರಾಯ. ಅದನ್ನು ಹೇಳುತ್ತೇನೆ, ಅವರೂ ಎರಡರಷ್ಟು ಹೇಳುತ್ತಾರೆ. ನಾನು ಯಾವ ಪಕ್ಷದವನೆಂದು ಯಾರಾದರೂ ಕೇಳಿದರೆ ಈಗ ನೇರವಾಗಿ ಹೇಳಿಬಿಡುತ್ತೇನೆ. ಚೆಂಡು ಎಲ್ಲಿತ್ತೆಂದು ಅನುಮಾನ ಬಂದಾಗ ಮಾತ್ರ ತಮ್ಮಯ್ಯನನ್ನು ಕೇಳುತ್ತೇನೆ.