ಪೊಲೀಸ್ ವರದಿಯೊಳಗಿನ ಖಾಲಿ ದೋಸೆ

ಮಲ್ಲತ್ತಹಳ್ಳಿಯ ವೆಂಕಟಲಕ್ಷ್ಮಮ್ಮ ಇಪ್ಪತ್ತೊಂಬತ್ತು ವರ್ಷಗಳಿಂದ ದೋಸೆ ಹುಯ್ಯುತ್ತಿದ್ದರೂ ಬಿಸಿ ದೋಸೆ ತಿಂದದ್ದು ಕಡಿಮೆ. ಮೊದಲ ಎರಡು ಮಾವ ಅಂಜಿನಯ್ಯನವರಿಗೆ, ಮೆತ್ತಗಿರಬೇಕು. ಆಮೇಲಿನ ನಾಲ್ಕು ಗಂಡ ಮುನಿರಾಜುವಿಗೆ, ಗರಿಗರಿಯಾಗಿರಬೇಕು. ಮಗ ಭೈರೇಶ್ ಹಲ್ಲುಜ್ಜಿ ಬರುವವರೆಗೆ ಹೆಂಚು ಕಾಯುತ್ತಿರಬೇಕು. ಹಿಟ್ಟಿನ ಪಾತ್ರೆ ಬಳಿದು ಹುಯ್ದ ಕೊನೆಯದು, ಯಾವ ಆಕಾರವೂ ಇಲ್ಲದ್ದು, ಅವಳದು. ಅದೂ ಅವಳು ಪಾತ್ರೆ ನೆನೆಹಾಕಿ ಬರುವಷ್ಟರಲ್ಲಿ ತಣ್ಣಗಾಗಿರುತ್ತಿತ್ತು.

ಹೀಗಾಗಿ ಎರಡು ವರ್ಷದ ಹಿಂದೆ ಅವಳು ಭಕ್ತೆಯಾದಳು. ಗುರುವಾರ ಹತ್ತಕ್ಕೆ ಅನ್ನಪೂರ್ಣೇಶ್ವರಿ ನಗರದ ಬಾಬಾ ಗುಡಿಯಲ್ಲಿ ಭಜನೆ ಎಂದು ಹೇಳಿ ಸ್ಕೂಟರನ್ನು ಉಲ್ಲಾಳದ ಕಡೆ ತಿರುಗಿಸುತ್ತಿದ್ದಳು. ಅಲ್ಲೊಂದು ದರ್ಶಿನಿಯಲ್ಲಿ, ಬೇರೆ ಯಾರೋ ಹುಯ್ದ ಖಾಲಿ ದೋಸೆಯನ್ನು ಹಬೆಯಾಡುತ್ತಿರುವಾಗಲೇ ಒಬ್ಬಳೇ ನಿಂತು ತಿನ್ನುತ್ತಿದ್ದಳು. ಮನೆಗೆ ಬಂದ ಸೊಸೆಯ ಮುಖದ ಕಳೆ ನೋಡಿ ಅಂಜಿನಯ್ಯನವರು ಭಜನೆಯ ಮಹಿಮೆ ಎನ್ನುತ್ತಿದ್ದರು.

ಕಳೆದ ತಿಂಗಳು ಅದೇ ದರ್ಶಿನಿಯ ಎದುರು ಒಂದು ಕಾರು ಹಿಂದೆ ನೋಡದೆ ಹಿಂದಕ್ಕೆ ಬಂದು ಅವಳ ಸ್ಕೂಟರಿಗೆ ಗುದ್ದಿತು. ಎಡಗೈಯ ಮಣಿಕಟ್ಟು ಮುರಿಯಿತು. ಭಜನೆ ಮುಗಿಸಿ ಬಾಳೆಹಣ್ಣು ತರಲು ಹೋಗಿದ್ದೆ ಎಂದು ಮನೆಯಲ್ಲಿ ಹೇಳಿದ್ದಾಯಿತು. ಆದರೆ ವಿಮೆಯವರಿಗೆ ಪೊಲೀಸ್ ವರದಿ ಬೇಕಿತ್ತು.

ಮುನಿರಾಜು ಕಾರು ನಿಲ್ಲಿಸಲು ಜಾಗ ಹುಡುಕುತ್ತಿದ್ದಾಗ ಅವಳು ಸ್ಟೇಷನ್ನಿನ ಒಳಗೆ ಹೆಡ್ ಕಾನ್‌ಸ್ಟೇಬಲ್ ನಾಗಭೂಷಣ್ ಎದುರು ಕುಳಿತಿದ್ದಳು. ವಯಸ್ಸು, ಆಧಾರ್, ರಕ್ತದ ಗುಂಪು ಎಲ್ಲ ಹೇಳಿದಳು. ಕೇಳದಿದ್ದರೂ ಬೆನ್ನ ಮೇಲಿನ ಮಚ್ಚೆಯನ್ನೂ ಹೇಳಿದಳು. ಎಲ್ಲಿಂದ ಬರುತ್ತಿದ್ದಿರಿ ಎಂದಾಗ ಮಾತ್ರ ಬಾಗಿಲ ಕಡೆ ನೋಡಿದಳು.

"ಅದನ್ನ ಬರೀಲೇಬೇಕಾ ಸಾರ್?"

"ಬರೀಬೇಕಮ್ಮ. ಯಾಕೆ, ಹೇಳಬಾರದ ಜಾಗನಾ?"

"ದೋಸೆ ತಿಂದು ಬರ್ತಿದ್ದೆ."

"ಯಾರ ಜೊತೆ?"

"ಚಟ್ನಿ ಜೊತೆ."

ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ನಾಗಭೂಷಣ್ ಕಳ್ಳರನ್ನು ಕಂಡಿದ್ದರು, ಕದ್ದು ದೋಸೆ ತಿನ್ನುವವರನ್ನು ಕಂಡಿರಲಿಲ್ಲ. ಒಂದಕ್ಷರ ಬಿಡದೆ ಟೈಪ್ ಮಾಡಿದರು: ಪ್ರತಿ ಗುರುವಾರದಂತೆ ಮನೆಯವರಿಗೆ ತಿಳಿಸದೆ ಒಬ್ಬರೇ ಖಾಲಿ ದೋಸೆ ತಿಂದು ಹೊರಬರುವಾಗ. ಇದನ್ನು ಯಾರು ಓದುತ್ತಾರೆ ಎಂದು ಅವಳು ಕೇಳಿದಳು. ವಿಮೆಯವರು, ವಕೀಲರು, ಕಾರಿನವರು ಎಂದು ಎಣಿಸಿ, ಅಲ್ಲಿಂದಾಚೆ ನಕಲು ಯಾರ ಕೈಗೆ ಹೋಗುತ್ತದೋ ತಮಗೂ ಗೊತ್ತಿಲ್ಲ ಎಂದರು. ಅಳಿಸಿ ಎಂದರೆ ಹೇಳಿಕೆ ಪೂರ್ತಿ ಇರಬೇಕು ಎಂದರು. ಫೋನ್ ನಂಬರಿನ ಜಾಗದಲ್ಲಿ, ಮದುವೆಯಾದ ಹೆಂಗಸರಿಗೆಲ್ಲ ಮಾಡುವ ಹಾಗೆ, ಗಂಡನ ನಂಬರ್ ಹಾಕಿದರು. ಮುನಿರಾಜು ಒಳಬಂದು ನಕಲಿನ ಕೊನೆಯಲ್ಲಿ ಸೀಲು ಇದೆಯೇ ಎಂದಷ್ಟೇ ನೋಡಿ ವಿಮೆಯವರಿಗೆ ಕಳಿಸಿದ. ಗಂಡ ಏನನ್ನೂ ಪೂರ್ತಿ ಓದದಿದ್ದುದಕ್ಕೆ ವೆಂಕಟಲಕ್ಷ್ಮಮ್ಮ ಮೊದಲ ಸಲ ದೇವರಿಗೆ ಕೈಮುಗಿದಳು, ಪ್ಲಾಸ್ಟರ್ ಹಾಕಿದ ಕೈಯಲ್ಲೇ.

ನಾಲ್ಕನೆಯ ದಿನ ಬೆಳಿಗ್ಗೆ ಮೂವರು ಗಂಡಸರೂ ಅಡುಗೆಮನೆಯಲ್ಲಿದ್ದರು. ಒಬ್ಬ ಉಪ್ಪು ಹುಡುಕುತ್ತಿದ್ದ, ಇನ್ನೊಬ್ಬ ಉಪ್ಪು ಎಲ್ಲಿದೆ ಎಂದು ಕೂಗುತ್ತಿದ್ದ. ಅಂಜಿನಯ್ಯನವರು ಎಲ್ಲಿ ಇರಬೇಕಿತ್ತು ಎಂದು ಹೇಳುತ್ತಿದ್ದರು. ಮುನಿರಾಜುವಿನ ಫೋನ್ ಬಡಿದುಕೊಂಡಿತು. ಕೈ ಹಿಟ್ಟಾಗಿದ್ದರಿಂದ ಮೊಣಕೈಯಲ್ಲಿ ಒತ್ತಿ ಸ್ಪೀಕರಿಗೆ ಹಾಕಿದ.

"ಸಾರ್, ಖಾಲಿ ದೋಸೆ ಆಂಟಿ ಮನೆನಾ?"

ಯಾವ ಆಂಟಿ ಎಂದು ಕೇಳಿದ.

"ಗುರುವಾರ ಗುಟ್ಟಾಗಿ ಉಲ್ಲಾಳಕ್ಕೆ ಹೋಗ್ತಾರಲ್ಲ, ಅವರೇ. ರಿಪೋರ್ಟ್ ನೋಡ್ದೆ. ನಮ್ಮದು ಪುತ್ತೂರು ಕಟ್ಟು ಸಾರ್. ಮೂರೇ ಕಟ್ಟಿಗೆ ಮೂಳೆ ಕೂಡುತ್ತೆ."

ಮಧ್ಯಾಹ್ನದೊಳಗೆ ಇಬ್ಬರು ವಕೀಲರ ಕಡೆಯವರು, ಒಂದು ಗ್ಯಾರೇಜು. ಎಲ್ಲರಿಗೂ ದೋಸೆ ಗೊತ್ತಿತ್ತು.

"ನಮ್ಮನೇಲಿ ದೋಸೆ ಇಲ್ವೇನೇ?" ಎಂದ ಮುನಿರಾಜು.

"ಇದೆ. ತಣ್ಣಗಿದೆ."

ಮನೆಯವರು ಕೆಟ್ಟವರಲ್ಲ. ಕೂತು ಯೋಚಿಸಿ ಪರಿಹಾರ ಕಂಡುಹಿಡಿದರು: ಇನ್ನು ಮೇಲೆ ಗುರುವಾರ ಎಲ್ಲರೂ ಒಟ್ಟಿಗೆ ಹೋಗುವುದು. ಹೋದರು. ಅಂಜಿನಯ್ಯನವರ ದೋಸೆ ಗರಿಯಾಗಿತ್ತು, ಮುನಿರಾಜುವಿನದು ಮೆತ್ತಗಿತ್ತು. ಅವಳು ತಟ್ಟೆ ಬದಲಿಸಿ, ಒಂಟಿಗೈಯಲ್ಲಿ ಚಟ್ನಿ ತಂದು, ಭೈರೇಶ್ ಮರೆತ ನೀರು ತಂದು, ತನ್ನ ದೋಸೆಗೆ ಕೈ ಹಾಕಿದಳು. ಮನೆಯ ದೋಸೆಯಷ್ಟೇ ತಣ್ಣಗಿತ್ತು.

ಮರುವಾರ ಹತ್ತಕ್ಕೆ ಅವಳು ವರದಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

"ಸ್ಟೇಷನ್‌ಗೆ ಹೋಗ್ಬರ್ತೀನಿ. ಪ್ರತಿ ವಾರ ಬರಬೇಕಂತೆ."

ನಾನೂ ಬರಲೇ ಎಂದ ಮುನಿರಾಜು.

"ಗಾಯ ಆದೋರು ಮಾತ್ರ. ಒಳಗೇನು ನಡೀತು ಅಂತ ಹೊರಗೆ ಹೇಳೋ ಹಾಗೂ ಇಲ್ಲ. ಕೇಸು ಎಷ್ಟು ವರ್ಷ ಎಳೆಯುತ್ತೋ ಏನೋ."

ಪೊಲೀಸರ ವಿಷಯ, ಕೆದಕಬಾರದು ಎಂದು ಅಂಜಿನಯ್ಯನವರು ಮಗನಿಗೆ ಕಣ್ಣು ಬಿಟ್ಟರು.

ಅವಳು ಕೆಂಗೇರಿಯ ಬಸ್ಸು ಹತ್ತಿದಳು. ಅಲ್ಲಿನ ದರ್ಶಿನಿಯ ಕೌಂಟರಿನವನು, ಹತ್ತು ದೋಸೆಗೆ ಒಂದು ಉಚಿತ, ಹೆಸರು ಮತ್ತು ನಂಬರ್ ಹೇಳಿ ಆಂಟಿ ಎಂದ. ವೆಂಕಟಲಕ್ಷ್ಮಮ್ಮ ಚೀಲದಿಂದ ವರದಿ ತೆಗೆದು, ಅದರ ಮೇಲಿದ್ದ ಸ್ಟೇಷನ್ನಿನ ಫೋನ್ ನಂಬರನ್ನು ನಿಧಾನವಾಗಿ ಓದಿದಳು. ಹೆಸರು ನಾಗಭೂಷಣ್ ಎಂದು ಬರೆಸಿ, ಹಬೆಯಾಡುತ್ತಿದ್ದ ತಟ್ಟೆಯನ್ನು ಎಳೆದುಕೊಂಡಳು.