ಜಗಲಿಯಷ್ಟು ಎತ್ತರದ ಸೀಟು

1994ರಲ್ಲಿ ನಾನು ಪಾಂಡವಪುರದಲ್ಲಿ ಕಾರುಗಳ ಕುಶನ್ ಕೆಲಸ ಮಾಡುತ್ತಿದ್ದೆ. ಸೀಟು ಹೊಲಿಯುವುದು, ಒಳಚಾವಣಿಗೆ ಬಟ್ಟೆ ಹಾಕುವುದು, ಬಾಗಿಲಿಗೆ ರೆಕ್ಸಿನ್ ಹೊದಿಸುವುದು, ಇಷ್ಟೇ ನನ್ನ ವಿದ್ಯೆ. ಆದರೆ ಸುತ್ತಿನ ನಾಲ್ಕು ತಾಲ್ಲೂಕಿನಲ್ಲಿ ನನ್ನಷ್ಟು ಮೆತ್ತಗೆ ಸೀಟು ಮಾಡುವವನು ಇನ್ನೊಬ್ಬನಿಲ್ಲ ಎಂಬ ಕೊಬ್ಬು ಮಾತ್ರ ಬೇಕಾದಷ್ಟಿತ್ತು.

ಆ ವರ್ಷ ಬೂಕನಕೆರೆಯ ರೈತ ಮರೀಗೌಡರು ಹೇಳಿಕಳಿಸಿದರು. ಅವರದು ಇಪ್ಪತ್ತು ವರ್ಷದ ಹಳೇ ಅಂಬಾಸಿಡರ್. ಅವರ ಹೆಂಡತಿ ಚಿಕ್ಕತಾಯಮ್ಮನವರು ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ಮೂಳೆ ಕೂಡಿದ್ದರೂ ಎಡಗಾಲು ಸರಿಯಾಗಿ ಮಡಚುತ್ತಿರಲಿಲ್ಲ. ಹೀಗಾಗಿ ತವರಿನಲ್ಲಿ ಆಗಬೇಕಿದ್ದ ಮಗಳ ಚೊಚ್ಚಲ ಹೆರಿಗೆ ನಾಗಮಂಗಲದ ಗಂಡನ ಮನೆಯಲ್ಲೇ ಆಗಿತ್ತು. ಇನ್ನು ಹನ್ನೆರಡು ದಿನಕ್ಕೆ ಮಗುವಿಗೆ ಹೆಸರಿಡುವ ಶಾಸ್ತ್ರ. ಚಿಕ್ಕತಾಯಮ್ಮನವರು ಮೊಮ್ಮಗಳ ಮುಖವನ್ನೇ ನೋಡಿರಲಿಲ್ಲ.

"ಮೇಸ್ತ್ರಿ, ಅವಳು ಕುಂತ್ರೆ ಹೂವಿನ ಮ್ಯಾಲೆ ಕುಂತಂಗಿರ್ಬೇಕು ಕಣಪ್ಪ. ನೋವಾಯ್ತು ಅನ್ಬಾರ್ದು," ಎಂದರು ಗೌಡರು.

"ಬುಡಿ ಗೌಡ್ರೇ, ತೊಟ್ಟಿಲಂಗೆ ಮಾಡ್ಕೊಡ್ತೀನಿ," ಎಂದೆ.

ಮನೆಯ ಅಂಗಳದಲ್ಲೇ ಕೆಲಸ ಶುರುವಾಯಿತು. ತಗ್ಗು ಬಿದ್ದ ತಗಡು ಬಡಿದು ನೇರ ಮಾಡುವ ಟಿಂಕರಿಂಗ್ ಕೆಲಸಕ್ಕೂ ಪೇಂಟಿಗೂ ಕೆ.ಆರ್. ಪೇಟೆಯಿಂದ ಒಬ್ಬರು ಬಂದರು. ಗೌಡರು ಆರಿಸಿದ ಕೆನೆ ಬಣ್ಣ ಬಳಿದರು. ನಾನು ಮುಂದಿನ ಉದ್ದ ಸೀಟನ್ನು ಕತ್ತರಿಸಿ ಎರಡು ಮಾಡಿ, ಎಡಗಡೆಯದಕ್ಕೆ ಆರಿಂಚು ಫೋಮು ತುಂಬಿ, ಮೇಲೆ ಮೆರೂನ್ ವೆಲ್ವೆಟ್ ಹೊಲಿದೆ. ಎಂಟು ದಿನ ನಾನೂ ಗೌಡರೂ ಆ ಸೀಟನ್ನು ಒತ್ತಿ ನೋಡಿದ್ದೇ ನೋಡಿದ್ದು! ಅಮ್ಮ ಹತ್ತಡಿ ದೂರದ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.

ಒಂಬತ್ತನೆಯ ದಿನ ಅವರನ್ನು ಕೂರಿಸಿದೆವು. ಕೂತದ್ದೇ ತಡ, ಫೋಮು ನುಂಗಿಬಿಟ್ಟಿತು. ಸೊಂಟ ಕೆಳಗೆ, ಮಂಡಿ ಮೇಲೆ. ಮೂರು ಸಲ ಏಳಲು ನೋಡಿದರು, ಆಗಲಿಲ್ಲ. ಕೊನೆಗೆ ಗೌಡರು ಕಂಕುಳಿಗೆ ಕೈಹಾಕಿ ಎಳೆದು ನಿಲ್ಲಿಸಬೇಕಾಯಿತು. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ.

ಅಮ್ಮನ ಕಣ್ಣಲ್ಲಿ ನೀರು. "ಬೀಗರ ಮನೆ ಬಾಗ್ಲಲ್ಲಿ ನನ್ನ ಮೂಟೆ ಇಳಿಸ್ದಂಗೆ ಇಳಿಸ್ತೀರಾ? ನಾ ಬರಾಕಿಲ್ಲ. ನೀವೇ ಓಗ್ಬನ್ನಿ."

"ಅಯ್ಯೋ, ಇನ್ನೆಂಗೆ ಮಾಡಿಸ್ಬೇಕಿತ್ತೇ?" ಎಂದರು ಗೌಡರು.

"ಎಂಟ್ ದಿನದಿಂದ ಇಲ್ಲೇ ಕುಂತಿವ್ನಿ. ನನ್ನ ಒಂದ್ ಮಾತ ಕೇಳುದ್ರಾ?"

ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಕೂರುವವರನ್ನು ಬಿಟ್ಟು, ಕೂರಿಸುವವರನ್ನು ಕೇಳಿ ಸೀಟು ಮಾಡಿದ ಜಾಣ ನಾನು! ಅಮ್ಮ ಕೋಲೂರಿಕೊಂಡು ಹೋಗಿ ಜಗಲಿಯ ಮೇಲೆ ಕೂತರು. ಕಣ್ಣೊರೆಸಿಕೊಂಡು, ಕಂಬ ಹಿಡಿದು, ಯಾರ ಹಂಗೂ ಇಲ್ಲದೆ ಎದ್ದು ನಿಂತರು. ಎಂಟು ದಿನವೂ ಅವರು ಹೀಗೇ ಎದ್ದಿದ್ದರು. ನಾನು ನೋಡಿರಲಿಲ್ಲ, ಅಷ್ಟೆ.

ಹತ್ತಿರ ಹೋದೆ. "ಅವ್ವಾ, ತಪ್ಪಾಯ್ತು. ನಿಮ್ಗೆ ಎಂಗಿರ್ಬೇಕು?"

ಅವರು ಜಗಲಿಯ ಕಲ್ಲನ್ನು ತಟ್ಟಿದರು. "ಇಂಗಿರ್ಲಿ, ಗಟ್ಟಿಗೆ. ಈ ಕಂಬದಂಗೆ ಇಡ್ಕಳಕ್ಕೆ ಏನಾರ ಇರ್ಲಿ. ಅಷ್ಟೆಯ."

ಟೇಪು ಹಿಡಿದೆ. ಜಗಲಿ ನೆಲದಿಂದ ಇಪ್ಪತ್ತು ಇಂಚು. ಫೋಮೆಲ್ಲ ಕಿತ್ತು, ಹಲಗೆ ಕೊಟ್ಟು, ತೆಂಗಿನ ನಾರಿನ ಗಟ್ಟಿ ಹಾಸು ಹಾಕಿ ಸರಿಯಾಗಿ ಅಷ್ಟೇ ಎತ್ತರಕ್ಕೆ ತಂದೆ. ಅಮ್ಮ ಕುಳ್ಳಗಿದ್ದದ್ದು ಪುಣ್ಯ, ತಲೆ ತಾಗಲಿಲ್ಲ. ಗುಜರಿಗೆ ಹೋಗಿದ್ದ ಬಸ್ಸಿನ ಕಂಬಿಯಲ್ಲಿ ಒಂದಡಿ ಕೊಯ್ದು ತಂದು ಬಾಗಿಲ ಪಕ್ಕ ಬಿಗಿದೆ.

ಶಾಸ್ತ್ರದ ದಿನ ಗೌಡರು ನನ್ನನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟರು. ನಾಗಮಂಗಲದಲ್ಲಿ ಬೀಗರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಗೌಡರು ಓಡಿಬಂದು ಕೈ ಚಾಚಿದರು.

"ಬುಡಿ, ನಾನೇ ಇಳೀತೀನಿ," ಎಂದರು ಅಮ್ಮ.

ಕಂಬಿ ಹಿಡಿದರು. ಎಡಗಾಲು, ಆಮೇಲೆ ಬಲಗಾಲು. ಸೆರಗು ಸರಿಮಾಡಿಕೊಂಡು ನಡೆದರು. ಮಗಳು ಕೂಸನ್ನು ತಂದು ಅವರ ಕೈಗಿಟ್ಟಳು. ಗೌಡರು ಕಾರಿಗೊರಗಿ ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು. ನಾನೂ ಅತ್ತೆ, ಹೇಳಲು ನಾಚಿಕೆಯೇನು?

ಅಂದಿನಿಂದ ಯಾರೇ ಕಾರು ತಂದರೂ, "ಕಾರು ಆಮೇಲೆ, ಕೂರುವವರನ್ನು ಕರೆತನ್ನಿ," ಎನ್ನುತ್ತಿದ್ದೆ. ಆ ಕೆಲಸ ನನಗೆ ಕಲಿಸಿದ್ದು ಇಷ್ಟು: ಪ್ರೀತಿಯಿದ್ದರೂ ಅಳತೆಯನ್ನು ಕೇಳಿಯೇ ತೆಗೆದುಕೊಳ್ಳಬೇಕು.

ಗೌಡರೂ ಕಲಿತರು. ವಾಪಸ್ಸು ಬರುವಾಗ ಮೆಲ್ಲಗೆ ಕೇಳಿದರು, "ಬಣ್ಣ ಒಪ್ತಾ?"

"ನಂಗೆ ನೀಲಿ ಇಷ್ಟ ಇತ್ತು," ಎಂದು ಅಮ್ಮ ನಕ್ಕರು.

ಮುಂದಿನ ಆಯುಧಪೂಜೆಗೆ ಆ ಕಾರು ನೀಲಿಯಾಗಿತ್ತು.