ಎರಡು ದೋಣಿಗೆ ಒಂದು ಬ್ಯಾಟರಿ

ದೆಹಲಿಗೆ ಬಂದು ಇಪ್ಪತ್ತು ವರ್ಷ ಕಳೆದರೂ ಯಮುನೆಯನ್ನು ನಾನು ನೋಡಿದ್ದು ಮೆಟ್ರೋ ಕಿಟಕಿಯಿಂದ ಮಾತ್ರ. ಅಂಥವಳನ್ನು ಪ್ರವಾಹ ರಕ್ಷಣೆಯ ದೋಣಿಗಳ ಸ್ಟೋರ್‌ರೂಮಿಗೆ ಉಸ್ತುವಾರಿಯನ್ನಾಗಿ ಮಾಡಿದರು. ಈಜು ಬಾರದು, ಸ್ಪ್ಯಾನರ್ ಹಿಡಿದು ಗೊತ್ತಿಲ್ಲ. ಆದರೆ ಬೀರುವಿಗೆ ಬೀಗ ಹಾಕುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ನಮ್ಮ ಕಚೇರಿಗೆ ಬೇಕಾಗಿದ್ದ ವಿದ್ಯೆಯೂ ಅದೊಂದೇ.

ದೋಣಿಗಳು ಎರಡು. ಹಿಂಬದಿಗೆ ತಗುಲಿಸಿದ ಎಂಜಿನ್‌ಗಳು ಹೊಸವು, ಗುಂಡಿ ಒತ್ತಿದರೆ ಚಾಲೂ ಆಗುವಂಥವು. ಆ ಗುಂಡಿಗೆ ಜೀವ ಕೊಡಬೇಕಾದ ಹಳೆಯ ಬ್ಯಾಟರಿಗಳು ಮಾತ್ರ ಪ್ರತಿ ಮಳೆಗಾಲದ ಹೊತ್ತಿಗೆ ಸರಿಯಾಗಿ ಸಾಯುತ್ತಿದ್ದವು. ಬೇಸಿಗೆಯಲ್ಲಿ ಅವುಗಳನ್ನು ಚಾರ್ಜ್ ಮಾಡುವುದು ಯಾರ ಕೆಲಸವೆಂದು ಯಾವ ಆದೇಶದಲ್ಲೂ ಇರಲಿಲ್ಲ. ಹೀಗಾಗಿ ನಮ್ಮ ಸಾಹೇಬರು ಲಿಥಿಯಂ ಬ್ಯಾಟರಿ ತರಿಸಿದರು. ಒಂದೇ ಒಂದು.

ಸಾಹೇಬರೂ ಕರ್ನಾಟಕದವರೇ, ವಸಂತ್ ಕುಂಜ್‌ನಲ್ಲಿ ಮನೆ. ನನ್ನನ್ನು ಕನ್ನಡದಲ್ಲೇ ಬೈಯುತ್ತಿದ್ದರು, ಅದೊಂದು ಆತ್ಮೀಯತೆ.

“ಎರಡು ಯಾಕ್ರೀ? ಸ್ಟಾರ್ಟ್ ಆಗೋವರೆಗೆ ತಾನೇ ಬ್ಯಾಟರಿ ಬೇಕಾಗೋದು? ಒಂದು ದೋಣಿ ಚಾಲೂ ಮಾಡಿ, ಬಿಚ್ಚಿ, ಇನ್ನೊಂದಕ್ಕೆ ಹಾಕಿ. ನೋಡಿ, ಎಷ್ಟು ಹಗುರ!” ಎಂದು ಅದನ್ನು ಒಂದೇ ಕೈಯಲ್ಲಿ ಎತ್ತಿ ತೋರಿಸಿದರು. ಆನೆ ಕೊಂಡವರು ಅಂಕುಶಕ್ಕೆ ಜಿಪುಣತನ ಮಾಡಿದ ಹಾಗಾಯಿತು. ಹಾಗೆಂದು ಹೇಳುವ ಧೈರ್ಯ ಯಾರಿಗಿತ್ತು? ಅವರ ಮಾತನ್ನೇ ನಾನು ಒಪ್ಪವಾದ ಆದೇಶ ಮಾಡಿ ಬರೆದೆ. ನೋಡಲು ಚೆನ್ನಾಗಿರಲೆಂದು ಮೊದಲಿಗೆ ‘ಸುರಕ್ಷತೆಯ ಹಿತದೃಷ್ಟಿಯಿಂದ’ ಎಂದೂ ಸೇರಿಸಿದೆ.

ದೋಣಿ ನಡೆಸುತ್ತಿದ್ದವರು ಗುತ್ತಿಗೆಯ ಮೇಲಿದ್ದ ಒಬ್ಬ ವಯಸ್ಸಾದ ಅಂಬಿಗ. ಎಲ್ಲರಿಗೂ ಚಾಚಾ. ವರ್ಷವರ್ಷವೂ ಕರಾರು ಮುಂದುವರಿದರೆ ಮಾತ್ರ ಅವರ ಮನೆಯ ಒಲೆ ಉರಿಯುತ್ತಿತ್ತು. ಬ್ಯಾಟರಿ ಜೋಡಿಸಲು ಬಂದ ಮೆಕ್ಯಾನಿಕ್ ಹೇಳಿದ್ದನ್ನು ಕಿವಿಗೊಟ್ಟು ಕೇಳಿದವರು ಅವರೊಬ್ಬರೇ; ಉಳಿದವರೆಲ್ಲ ಸಮೋಸಾ ತಿನ್ನುತ್ತಿದ್ದೆವು. ಲಿಥಿಯಂಗೆ ಅದರದೇ ಚಾರ್ಜರ್ ಬೇಕು. ಬಿಚ್ಚಿಟ್ಟಾಗ ಅದರ ತುದಿಗಳಿಗೆ ರಬ್ಬರ್ ಟೋಪಿ ಹಾಕಿರಬೇಕು. ಎಂಜಿನ್ ಓಡುತ್ತಿರುವಾಗ ವೈರ್ ಬಿಚ್ಚಲೇಬಾರದು.

ಮರುದಿನ ಚಾಚಾ ನನ್ನ ಮೇಜಿನ ಮುಂದೆ ನಿಂತರು. “ಮೇಡಮ್‌ಜೀ, ಚಾಲೂ ಎಂಜಿನ್‌ನಿಂದ ಬ್ಯಾಟರಿ ತೆಗೆದ್ರೆ ಅದು ಹುಟ್ಟಿಸೋ ಕರೆಂಟು ಹೋಗೋದಾದ್ರೂ ಎಲ್ಲಿಗೆ? ಒಳಗೆ ಸುಟ್ಟುಹೋಗುತ್ತೆ. ಇನ್ನೊಂದು ತರಿಸಿಬಿಡಿ.”

“ಅಚ್ಛಾ ಚಾಚಾ, ನೋಡೋಣ,” ಎಂದೆ. ನೋಡಲಿಲ್ಲ.

ಮಳೆಗಾಲಕ್ಕೆ ಮುಂಚಿನ ಅಣಕು ಕಾರ್ಯಾಚರಣೆಯ ದಿನ ಬಂತು. ದಡದಲ್ಲಿ ಶಾಮಿಯಾನ, ಬಿಳಿ ಬಟ್ಟೆ ಹೊದಿಸಿದ ಕುರ್ಚಿಗಳು, ಮೇಲಿನ ಕಚೇರಿಯಿಂದ ಬಂದ ದೊಡ್ಡ ಅಧಿಕಾರಿ. ಅವರೂ ಸಾಹೇಬರೂ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ಮೊದಲ ದೋಣಿಯಲ್ಲಿ ಕುಳಿತರು. ಚಾಚಾ ಗುಂಡಿ ಒತ್ತಿದರು, ಎಂಜಿನ್ ಒಂದೇ ಸಲಕ್ಕೆ ಗುರುಗುಟ್ಟಿತು, ಚಪ್ಪಾಳೆ ಬಿತ್ತು. ಆಮೇಲೆ ಅವರು ಬ್ಯಾಟರಿ ಮುಟ್ಟದೆ ನನ್ನತ್ತ ನೋಡಿದರು.

“ಚಲೋ, ಚಲೋ, ತೆಗೆಯಕ್ಕೆ ಹೇಳ್ರೀ!” ಸಾಹೇಬರು ಕೂಗಿದರು.

“ತೆಗೀರಿ ಚಾಚಾ, ಆದೇಶ ಇದೆ,” ಎಂದೆ.

ಚಾಚಾ ವೈರ್ ಬಿಚ್ಚಿ, ಬ್ಯಾಟರಿಯನ್ನು ಪಕ್ಕದ ದೋಣಿಯಲ್ಲಿದ್ದ ಸಹಾಯಕನಿಗೆ ದಾಟಿಸಿದರು. ನದಿಯ ನಡುವೆ ಹೋಗುವಷ್ಟರಲ್ಲಿ ಸುಟ್ಟ ವಾಸನೆ ಎದ್ದು ಎಂಜಿನ್ ನಿಂತಿತು. ಕೈಯಿಂದ ಎಳೆದು ಚಾಲೂ ಮಾಡುವ ಹಗ್ಗಕ್ಕೆ ಸಾಹೇಬರು ಕೂಗಾಡಿದರು. ಅದು ಕಳೆದುಹೋಗಬಾರದೆಂದು ನನ್ನ ಬೀರುವಿನಲ್ಲಿ ಭದ್ರವಾಗಿತ್ತು. ಇದ್ದಿದ್ದರೂ ಪ್ರಯೋಜನವಿರಲಿಲ್ಲ ಎನ್ನಿ. ಪ್ರವಾಹದಿಂದ ಜನರನ್ನು ಕಾಪಾಡಬೇಕಾದವರು ನಿಧಾನವಾಗಿ ತೇಲಿ ಎಮ್ಮೆಗಳು ಮೀಯುವ ಜಾಗಕ್ಕೆ ಹೋಗಿ ಸೇರಿದರು. ಎರಡನೇ ದೋಣಿ ಹೋಗಿ ಎಳೆದು ತಂದಿತು. ನನಗೆ ನಗು ತಡೆಯಲಾಗಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡೆ.

ಆ ನಗು ಮರುದಿನ ಬೆಳಗ್ಗೆ ಇಳಿಯಿತು. “ಚಾಲಕನ ಅಜಾಗರೂಕತೆ ಅಂತ ಒಂದು ನೋಟ್ ಹಾಕಿಬಿಡ್ರೀ,” ಎಂದರು ಸಾಹೇಬರು. “ಆ ಹಳೇ ಆದೇಶ ಫೈಲಲ್ಲಿ ಇರೋದು ಬೇಡ.”

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಕುಣಿದವರು ಅವರು, ಹಾಡು ಕಟ್ಟಿದವಳು ನಾನು, ಡೊಂಕು ಎನಿಸಿಕೊಂಡವರು ಚಾಚಾ. ಮಗಳ ಹನ್ನೆರಡನೇ ತರಗತಿ, ಸರೋಜಿನಿ ನಗರದ ಕ್ವಾರ್ಟರ್ಸು, ವರ್ಗಾವಣೆಯ ಭಯ. ಹೇಡಿತನಕ್ಕೆ ಕಾರಣಗಳ ಬರವೇ? ಆದೇಶವನ್ನು ಫೈಲಿನಿಂದ ತೆಗೆದೆ, ನೋಟ್ ಬರೆದೆ. ಚೆನ್ನಾಗಿಯೇ ಬರೆದೆ, ಸಾಹೇಬರು ಒಂದು ಅಕ್ಷರವನ್ನೂ ತಿದ್ದಲಿಲ್ಲ. ಚಾಚಾರ ಕರಾರು ಮುಂದುವರಿಯಲಿಲ್ಲ.

ಈಗ ಎರಡು ದೋಣಿಗೂ ಒಂದೊಂದು ಲಿಥಿಯಂ ಬ್ಯಾಟರಿ ಇದೆ. ಓಡುವ ಎಂಜಿನ್‌ನಿಂದ ಬಿಚ್ಚಬಾರದೆಂಬ ಹೊಸ ಆದೇಶವೂ ಇದೆ, ಅದನ್ನೂ ನಾನೇ ಬರೆದೆ.

ಚಾಚಾ ಕೊನೆಯ ದಿನ ತಮ್ಮ ಜಾಕೆಟ್ ಒಪ್ಪಿಸಲು ಸ್ಟೋರಿಗೆ ಬಂದರು. ಬೈಯುತ್ತಾರೆಂದು ಕಾದೆ, ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ಜೇಬಿನಿಂದ ಕೆಂಪು ರಬ್ಬರ್ ಟೋಪಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. “ಆವತ್ತು ಬಿಚ್ಚಿದ್ದು, ಗಡಿಬಿಡೀಲಿ ಜೇಬಲ್ಲೇ ಉಳೀತು. ಬ್ಯಾಟರಿಗೆ ಹಾಕಿಡಿ ಮೇಡಮ್‌ಜೀ. ನೀವು ಬೀರುವಿನಲ್ಲಿ ಕಬ್ಬಿಣದ ಸಾಮಾನಿನ ಜೊತೆ ಇಡ್ತೀರಿ, ತಾಗಿದ್ರೆ ಬೆಂಕಿ ಹತ್ತುತ್ತೆ. ಪಕ್ಕದಲ್ಲೇ ನಿಮ್ಮ ಕುರ್ಚಿ ಇದೆ.”

ನಾನು ರಿಜಿಸ್ಟರ್ ತೆರೆದು, ಜಾಕೆಟ್ ಒಂದು, ರಬ್ಬರ್ ಟೋಪಿ ಒಂದು, ಸುಸ್ಥಿತಿಯಲ್ಲಿ ಬಂದಿದೆ ಎಂದು ಬರೆದು ಸಹಿ ಹಾಕಿದೆ. ತಲೆ ಎತ್ತಲಿಲ್ಲ.